ದಾವಣಗೆರೆಯಲ್ಲೇ ಇದ್ದು ಹೊರದೇಶದವರಿಗೂ ತಟ್ಟುವ ಕಿರುಚಿತ್ರ ಮಾಡಬಹುದಾ?

ಖಂಡಿತ ಮಾಡಬಹುದು. ಚಿದಾನಂದ ಎಸ್. ನಾಯ್ಕ್ ಅವರನ್ನೇ ನೋಡಿ. ಎಂಬಿಬಿಎಸ್ ಓದಿ, ಆಮೇಲೆ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ ಸೇರಿದವರು. ಅಲ್ಲಿ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂತು. ಕಥೆ ಏನು ಗೊತ್ತಾ? ಅಜ್ಜಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮದೇ ಜನಪದ ಕಥೆ. ಫ್ರಾನ್ಸಿನವರಿಗೆ ಅರ್ಥವಾಗಲಿ ಅಂತ ಪ್ಯಾರಿಸ್ ತೋರಿಸಬೇಕಾಗಿಲ್ಲ, ಅಲ್ವಾ?

ಎರಡು ಸಂಸ್ಕೃತಿ ಸೇರುವ ಕಥೆಗೂ ವೀಸಾ ಬೇಡ. ಇಲ್ಲಿನ ಮಂಡಕ್ಕಿ ಭಟ್ಟಿಗೆ ಹೋಗಿ ನಿಲ್ಲಿ. ಬಿಸಿ ಮರಳಿಗೆ ಬಿದ್ದ ಅಕ್ಕಿ ಚಟಪಟ ಅರಳುತ್ತದೆ, ಹೊಗೆ ಕಣ್ಣಿಗೆ ಹೊಡೆಯುತ್ತದೆ, ಮಾತು ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಹತ್ತು ನಿಮಿಷದ ಚಿತ್ರಕ್ಕೆ ಇಷ್ಟು ಸಾಕು. ಆದರೆ ಆ ಸದ್ದಿನಲ್ಲಿ ಸಂಭಾಷಣೆ ಕೇಳಿಸುವುದಿಲ್ಲ. ಹಾಗಾಗಿ ಕ್ಯಾಮೆರಾಕ್ಕಿಂತ ಮೊದಲು ಒಳ್ಳೆ ಮೈಕ್‌ಗೆ ದುಡ್ಡು ಹಾಕಿ. ಕ್ಯಾಮೆರಾ ಮದುವೆ ಶೂಟ್ ಮಾಡುವ ಗೆಳೆಯರ ಹತ್ತಿರ ಸಿಗುತ್ತದೆ.

ಕಿರುಚಿತ್ರದಿಂದ ದುಡ್ಡು ಬರುವುದು ಕಡಿಮೆ. ಹೊಟ್ಟೆಪಾಡಿಗೆ ಮದುವೆ ವಿಡಿಯೊ, ಜಾಹೀರಾತು ಮಾಡುತ್ತಲೇ ಇರಬೇಕು. ಸಿಗುವ ಲಾಭ ಅಂದರೆ ಮುಂದಿನ ಚಿತ್ರಕ್ಕೆ ನಿರ್ಮಾಪಕರ ಬಾಗಿಲು ತೆರೆಯುವುದು.

ಮುಗಿಸಿದ ತಕ್ಷಣ ಯೂಟ್ಯೂಬ್‌ಗೆ ಹಾಕಬೇಡಿ, ಎಷ್ಟೋ ಚಿತ್ರೋತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತ ಕೇಳುತ್ತವೆ. ಫಿಲ್ಮ್‌ಫ್ರೀವೇ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಶುಲ್ಕ ಡಾಲರ್‌ನಲ್ಲಿದ್ದರೆ ಸುಮ್ನೆ ಎಲ್ಲದಕ್ಕೂ ಕಳಿಸಬೇಡಿ, ಜೇಬು ಖಾಲಿಯಾಗುತ್ತದೆ. ಮೊದಲು ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನೋಡಿ.