ಪ್ರತಿ: ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋದರೂ ಅಪ್ಪ ಬಾಯೇ ಬಿಡ್ತಿಲ್ಲ

ಇದು ಹಟ ಅಲ್ಲ, ಬಹುಶಃ ಖಿನ್ನತೆ. ಅಮ್ಮ ತೀರಿಕೊಂಡ ಮೇಲೆ ಮೈಕೈ ನೋವು, ನಿದ್ದೆಯಿಲ್ಲ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್ ಅಂದಿದ್ದೀರಿ. ಎಪ್ಪತ್ತು ದಾಟಿದವರಲ್ಲಿ ಎಷ್ಟೋ ಜನ 'ದುಃಖ' ಅನ್ನೋದಿಲ್ಲ, 'ಸೊಂಟ ನೋವು' ಅಂತಾರೆ. ಅಂಥವರನ್ನು ಕೂರಿಸಿ "ಹೇಗನ್ನಿಸುತ್ತಿದೆ?" ಅಂತ ಕೇಳಿದರೆ ಮೌನವೇ ಉತ್ತರ.

ಮೊದಲು ಫಿಸಿಶಿಯನ್ ಹತ್ತಿರ ಥೈರಾಯ್ಡ್, ಬಿ12 ನೋಡಿಸಿ, ಈಗಿನ ಮಾತ್ರೆಗಳ ಚೀಟಿಯನ್ನೂ ತೋರಿಸಿ. ಕಿವಿ ಪರೀಕ್ಷೆ ಮರೆಯಬೇಡಿ. ನಮ್ಮ ಮಾವನವರ ಅರ್ಧ ಮೌನ ಕಿವಿ ಕೇಳಿಸದ್ದರಿಂದಲೇ ಇತ್ತು.

ಆಮೇಲೆ ಕೌನ್ಸೆಲರ್‌ಗೆ 'ಬಿಹೇವಿಯರಲ್ ಆಕ್ಟಿವೇಶನ್' ಮಾಡ್ತೀರಾ ಅಂತ ನೇರವಾಗಿ ಕೇಳಿ. ಭಾವನೆ ಕೆದಕುವ ಬದಲು ದಿನಚರಿಯಿಂದ ಶುರುಮಾಡುವ ವಿಧಾನ ಅದು: ಬೆಳಗ್ಗೆ ಹಾಲು ತರೋದು, ಸಂಜೆ ಹಳೇ ಸಹೋದ್ಯೋಗಿಗೆ ಒಂದು ಫೋನ್. ಮನಸ್ಸು ಬಂದಾಗ ಮಾಡೋದಲ್ಲ, ಗೊತ್ತುಮಾಡಿದ ಹೊತ್ತಿಗೆ ಮಾಡೋದು. ಜೊತೆಗೆ ಅವರ ನೌಕರಿ, ಊರು, ಮದುವೆಯ ಕಾಲದ ಮಾತು ತೆಗೆಯಲಿ. ವೃದ್ಧರ ಚಿಕಿತ್ಸೆಯಲ್ಲಿ ಈ ಬದುಕಿನ ಮರುನೋಟಕ್ಕೂ ಜಾಗವಿದೆ, 1963ರಲ್ಲೇ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಇದರ ಬಗ್ಗೆ ಬರೆದಿದ್ದರು. ನೀವು ಮಾತ್ರ ಪಕ್ಕದಲ್ಲಿ ಕೂರಬೇಡಿ. ಮಗನ ಮುಂದೆ ಯಾವ ಅಪ್ಪ ಅಳ್ತಾನೆ?

ಮರೆವೂ ಶುರುವಾಗಿದ್ದರೆ ಲೆಕ್ಕ ಬೇರೆ, ಅದನ್ನು ಇಲ್ಲಿಂದ ಹೇಳಲಾಗದು. ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋವೈದ್ಯ ವಿಭಾಗವಿದೆ, ಅಲ್ಲಿ ತೋರಿಸಿ. "ನಾನ್ಯಾಕೆ ಬದುಕಿರಬೇಕು" ಅನ್ನೋ ಮಾತು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.