ಕಾರ್ಟಿಂಗ್ ಹುಡುಗ, ಹೊರಗಿನವರ ಸಲಹೆ: ನಮ್ಮ ಮನೆ ಅನುಭವ

ಸರ್, ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ 13 ವರ್ಷ, ಕಾರ್ಟ್ ಅಂದರೆ ಪುಟ್ಟ ತೆರೆದ ರೇಸ್ ಗಾಡಿ ಓಡಿಸುತ್ತಾನೆ, ಜೂನಿಯರ್ ಕ್ಲಾಸಿನಲ್ಲಿ (ಮಕ್ಕಳ ವಿಭಾಗ) ಎರಡನೇ ಸೀಸನ್, ಮುಂದಿರುವವರಿಗಿಂತ ಲ್ಯಾಪಿಗೆ (ಟ್ರ್ಯಾಕಿನ ಒಂದು ಸುತ್ತಿಗೆ) ಅರ್ಧ ಸೆಕೆಂಡ್ ಹಿಂದೆ. ಹಳೇ ರ‍್ಯಾಲಿ ಡ್ರೈವರ್ ಒಬ್ಬರು ನೋಡಿ, ಹುಡುಗ ತಿರುವಿಗೆ ಜಾಸ್ತಿ ನುಗ್ಗುತ್ತಾನೆ ಅಂದರು. ಮಗ 'ಅವರೇನು ಕಾರ್ಟ್ ಓಡಿಸಿದ್ದಾರಾ?' ಅಂತ ಮುಖ ತಿರುಗಿಸಿದ. ಅವರ ಮಾತು ಕೇಳಬೇಕಾ, ಬೇಡ್ವಾ ಅಂತ ನೀವು ಕೇಳಿದ್ದೀರಿ.

ಕೇಳಬೇಕು ಸರ್. ನಮ್ಮ ಮನೆಯಲ್ಲೂ ಇದೇ ಆಗಿತ್ತು.

ನನ್ನ ಮಗಳು ಓಡಿಸುತ್ತಾಳೆ. ಒಂದು ಸಲ ಪ್ರಾಕ್ಟೀಸ್‌ಗೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕ್‌ಗೆ ಹೋಗುವಾಗ ಸ್ನೇಹಿತರೊಬ್ಬರು ಸುಮ್ನೆ ಜೊತೆಗೆ ಬಂದರು. ಶಿವಾಜಿನಗರದಲ್ಲಿ ಹಳೇ ಯೆಜ್ಡಿ, ಆರ್‌ಎಕ್ಸ್ 100 ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್. ಕಾರ್ಟ್ ಹತ್ತಿರದಿಂದ ನೋಡಿದ್ದೇ ಅವತ್ತು. ಟ್ರ್ಯಾಕ್‌ಗೆ ಬೆನ್ನು ಹಾಕಿಕೊಂಡು ಟೀ ಕುಡಿಯುತ್ತಾ ಇದ್ದರು. ಐದಾರು ಲ್ಯಾಪ್ ಆದ ಮೇಲೆ, ಬರೀ ಇಂಜಿನ್ ಸದ್ದು ಕೇಳಿ ಅಂದರು: 'ಪಾಪು ಆ ಮೂಲೆಯಲ್ಲಿ ಎರಡು ಸಲ ಗ್ಯಾಸ್ ಕೊಡ್ತಾಳೆ. ಉಳಿದ ಮಕ್ಕಳು ಒಂದೇ ಸಲ.' ನಾನು ನಕ್ಕುಬಿಟ್ಟೆ. ಮಗಳಂತೂ 'ಅಲ್ಲೇ ಅಪ್ಪಾ ನಾನು ಎಲ್ಲರಿಗಿಂತ ಲೇಟಾಗಿ ಬ್ರೇಕ್ ಹಿಡಿಯೋದು' ಅಂತ ಜಂಬದಿಂದ ಹೇಳಿದಳು.

ರಾತ್ರಿ ರೂಮಿನಲ್ಲಿ ಡೇಟಾ ಲಾಗರ್ (ಗಾಡಿಯ ಓಟವನ್ನು ದಾಖಲಿಸುವ ಸಾಧನ) ತೆಗೆದು ನೋಡಿದರೆ, ಅದೇ ತಿರುವಿನಲ್ಲಿ ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗದ ಗೆರೆ ಏರಿ, ಒಂದು ಗುಂಡಿ ಬಿದ್ದು, ಮತ್ತೆ ಏರಿದೆ. ಪ್ರತಿ ಲ್ಯಾಪಿನಲ್ಲೂ! ಲೇಟಾಗಿ ಬ್ರೇಕ್ ಹಿಡಿದು ನುಗ್ಗುವುದು, ಸ್ಟೀರಿಂಗ್ ಇನ್ನೂ ತಿರುಗಿರುವಾಗಲೇ ಗ್ಯಾಸ್ ಕೊಡುವುದು, ಗಾಡಿ ಹೊರಗೆ ಜಾರಿದಾಗ ಕಾಲು ಎತ್ತುವುದು, ಮತ್ತೆ ಒತ್ತುವುದು. ಕಾರ್ಟ್‌ನಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್ (ಚಕ್ರ ಸೇರಿಸುವ ಅಚ್ಚು), ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಒಳಗಿನ ಹಿಂಚಕ್ರ ಚೂರು ಮೇಲೆದ್ದರೆ ಮಾತ್ರ ಗಾಡಿ ಸಲೀಸಾಗಿ ತಿರುಗುತ್ತದೆ. ನಮ್ಮ ಮಕ್ಕಳ ಕ್ಲಾಸಿನಲ್ಲಿ ಬ್ರೇಕ್ ಕೂಡ ಹಿಂದಿನ ಆಕ್ಸಲ್‌ಗೆ ಮಾತ್ರ. ಹಾಗಾಗಿ ಬ್ರೇಕ್ ಒತ್ತಿಕೊಂಡೇ ಎಳೆದು ತಿರುಗಿಸಿದರೆ ಹಿಂದುಗಡೆ ಜಾರುತ್ತದೆ, ಆರ್‌ಪಿಎಂ ಬೀಳುತ್ತದೆ. ಚಿಕ್ಕ ಇಂಜಿನ್, ಬಿದ್ದ ಆರ್‌ಪಿಎಂ ಮೇಲೆ ಬರುವಷ್ಟರಲ್ಲಿ ಮುಂದಿನ ಸ್ಟ್ರೈಟ್ (ನೇರ ದಾರಿ) ಅರ್ಧ ಮುಗಿದಿರುತ್ತದೆ. ಮರುದಿನ ಎರಡು ಮೂರು ಅಡಿ ಮುಂಚೆ ಬ್ರೇಕ್ ಹಿಡಿ ಅಂದೆವು. ಬೈದುಕೊಂಡೇ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಆ ಗುಂಡಿ ಹೋಗಿತ್ತು.

ಹಾಗಂತ ನಿಮ್ಮ ಮಗನ ಮಾತೂ ಪೂರ್ತಿ ತಪ್ಪಲ್ಲ. ಮಣ್ಣಿನ ದಾರಿಯಲ್ಲಿ ಗಾಡಿ ಜಾರಿಸುವುದೇ ರ‍್ಯಾಲಿಯವರ ಕೆಲಸ. ಕಾರ್ಟ್‌ನಲ್ಲಿ ಜಾರಿದಷ್ಟೂ ಟೈಮ್ ಹೋಗುತ್ತದೆ. ಆದ್ದರಿಂದ ಅವರು ಕಂಡದ್ದನ್ನು ನಂಬಿ, ಅವರು ಹೇಳುವ ಮದ್ದನ್ನು ಟ್ರ್ಯಾಕ್‌ನಲ್ಲಿ ಪರೀಕ್ಷೆ ಮಾಡಿ ನೋಡಿ. 'ಏನು ಮಾಡಬೇಕು ಸರ್' ಅಂತ ಕೇಳುವ ಬದಲು 'ಯಾವ ಜಾಗದಲ್ಲಿ ಏನು ಕಂಡಿತು' ಅಂತ ಕೇಳಿ.

ನಾನು ಎಡವಿದ್ದು ಇಲ್ಲೇ. ಮೆಕ್ಯಾನಿಕ್ ಮಾತು ನಿಜವಾಯಿತಲ್ಲ, ಮುಂದಿನ ರೇಸಿಗೆ ಎಲ್ಲರ ಮಾತಿಗೂ ಕಿವಿ ಕೊಟ್ಟೆ. ಒಬ್ಬರು ಟೈರ್ ಪ್ರೆಷರ್ ಇಳಿಸಿ ಅಂದರು, ಇನ್ನೊಬ್ಬರು ಸೀಟ್ ಹಿಂದಕ್ಕೆ ಹಾಕಿ ಅಂದರು, ಮೂರನೆಯವರು ಹೊಸ ಆಕ್ಸಲ್ ಅಂದರು (ಆಕ್ಸಲ್ ಮಾರುವವರೂ ಅವರೇ!). ಮೂರೂ ಒಟ್ಟಿಗೆ ಮಾಡಿದೆ. ಟೈಮ್ ಕೆಟ್ಟಿತು. ಯಾವುದರಿಂದ ಕೆಟ್ಟಿತು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ನೋಟ್‌ಬುಕ್ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಬೆಳಗಿನದನ್ನು ಬೆಳಗಿನ ಟೈಮಿಗೇ ಹೋಲಿಸುವುದು, ಯಾಕಂದ್ರೆ ಬಿಸಿಲೇರಿದರೆ ಟ್ರ್ಯಾಕೇ ಬೇರೆ.

ಮಗನಿಗೆ ರಾಬ್ ವಿಲ್ಸನ್ ಬಗ್ಗೆ ಹೇಳಿ. ನ್ಯೂಜಿಲೆಂಡ್‌ನವರು. ಫಾರ್ಮುಲಾ 1ನಲ್ಲಿ (ಎಫ್1) ಒಂದು ರೇಸನ್ನೂ ಓಡಿಸಿದವರಲ್ಲ. ಇಂಗ್ಲೆಂಡಿನ ಹಳೇ ಏರ್‌ಫೀಲ್ಡ್ ಒಂದರಲ್ಲಿ ಮಾಮೂಲಿ ವಾಕ್ಸ್‌ಹಾಲ್ ಆಸ್ಟ್ರಾ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಪಾಠ ಹೇಳಿಕೊಟ್ಟವರು. ಅವರ ಹತ್ತಿರ ಕಲಿತವರಲ್ಲಿ 2007ರ ಎಫ್1 ವಿಶ್ವ ಚಾಂಪಿಯನ್ ಕಿಮಿ ರೈಕೊನೆನ್ ಕೂಡ ಇದ್ದಾರೆ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 (ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್ ಗೆದ್ದ ಮೇಲೆ ಮಕ್ಕಳೆಲ್ಲ ಆ ವಿಡಿಯೊ ನೋಡಿಕೊಂಡು ಕೂತಿರುತ್ತಾರೆ. ನೋಡಲಿ. ಆದರೆ ಅಲ್ಲಿ ರೇಡಿಯೊದಲ್ಲಿ ಇಂಜಿನಿಯರ್ ಮಾತಾಡುತ್ತಾ ಇರುತ್ತಾರೆ. ನಮ್ಮ ಮಕ್ಕಳಿಗೆ ಇರುವುದು ಬೇಲಿ ಹಿಡಿದು ಕಿರುಚುವ ಅಪ್ಪ.

ಬೇಜಾರು ಮಾಡ್ಕೋಬೇಡಿ, ನಾನೂ ಕಿರುಚಿದವನೇ. ಹೆಲ್ಮೆಟ್ ತೆಗೆಯೋಕೆ ಮುಂಚೆಯೇ ಶುರು ಮಾಡುತ್ತಿದ್ದೆ. ಈಗ ನೀರು ಕುಡಿದು, ಗ್ಲೌಸ್ ಬಿಚ್ಚಿ, ಅವಳಾಗೇ ಬಾಯಿ ಬಿಡುವ ತನಕ ಸುಮ್ಮನಿರುತ್ತೇನೆ.

ರ‍್ಯಾಲಿಯವರನ್ನು ಮತ್ತೆ ಕರೆಯಿರಿ. ಮಗ ಓಡಿಸುವಾಗ ಅಲ್ಲ, ಬೇರೆ ಮಕ್ಕಳ ಸೆಷನ್ ನಡೆಯುವಾಗ ಇಬ್ಬರನ್ನೂ ಒಂದೇ ತಿರುವಿನ ಹತ್ತಿರ ನಿಲ್ಲಿಸಿ. ಮುಂದಿರುವ ಹುಡುಗ ಎಲ್ಲಿ ಬ್ರೇಕ್ ಹಿಡಿಯುತ್ತಾನೆ, ಗ್ಯಾಸ್ ಎಷ್ಟು ಸಲ ಕೊಡುತ್ತಾನೆ ಅಂತ ಮಗನೇ ಎಣಿಸಲಿ.

ಈ ಭಾನುವಾರ ಬೆಳಿಗ್ಗೆ ಹೆಣ್ಣೂರು-ಬಾಗಲೂರು ರಸ್ತೆಯ ಟ್ರ್ಯಾಕ್‌ಗೆ ಬರುತ್ತೀರಾ? ನಾವೂ ಅಲ್ಲಿರುತ್ತೇವೆ. ಮೆಕ್ಯಾನಿಕ್‌ರನ್ನೂ ಕರೆತರಲು ನೋಡುತ್ತೇನೆ. ಅವರಿಗೆ ಟೀ ಮಾತ್ರ ನೀವು ಕೊಡಿಸಬೇಕು, ಸಕ್ಕರೆ ಜಾಸ್ತಿ.