ಅತ್ತಿಹಣ್ಣಿನ ಹುಳಕ್ಕೆ ಔಷಧಿ ಇದೆಯೇ?

ಪ್ರಶ್ನೆ: ನಮ್ಮ ತೋಟದಂಚಿನ ಅತ್ತಿಮರದಲ್ಲಿ ಯಾವ ಹಣ್ಣು ಬಿಚ್ಚಿದರೂ ಹುಳ. ಔಷಧಿ ಹೊಡೆದರೆ ಹೋಗುತ್ತಾ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಪಂಪು ಕೆಳಗಿಡಿ! ಆ ಹುಳ ರೋಗವಲ್ಲ, ಮರದ ಕೆಲಸದಾಳು.

ಅತ್ತಿ ಹೂ ಕಂಡವರಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಕಾಣುವುದು ಹೇಗೆ? ನಾವು ಕಾಯಿ ಅನ್ನುವುದರ ಒಳಗೇ ನೂರಾರು ಪುಟ್ಟ ಹೂಗಳಿರುತ್ತವೆ. ಜೇನಿಗೆ ಅಲ್ಲಿ ದಾರಿಯಿಲ್ಲ. ಸಾಸಿವೆಯಷ್ಟೇ ದೊಡ್ಡ ಒಂದು ಹೆಣ್ಣು ಕಣಜ ತುದಿಯ ಸಣ್ಣ ಕಿಂಡಿಯಲ್ಲಿ ನುಸುಳುತ್ತದೆ. ನುಸುಳುವಾಗ ಎಷ್ಟೋ ಸಲ ರೆಕ್ಕೆಯೇ ಮುರಿದುಹೋಗುತ್ತದೆ. ಮೈಗಂಟಿದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿಗಳು ಆ ಹೂಗಳನ್ನು ತಿಂದು ಬೆಳೆಯುತ್ತವೆ. ಉಳಿದವು ಬೀಜವಾಗುತ್ತವೆ. ಗಂಡಿಗೆ ರೆಕ್ಕೆಯೇ ಇಲ್ಲ, ಪಾಪ. ಹೆಣ್ಣನ್ನು ಕೂಡಿ, ಅದು ಹೊರಹೋಗಲು ತೂತು ಕೊರೆದು, ಅದರ ಕತೆ ಮುಗಿಯಿತು. ಹೆಣ್ಣು ಹೊಸ ಪರಾಗ ಹೊತ್ತು ಇನ್ನೊಂದು ಮರ ಹುಡುಕುತ್ತದೆ.

ಆ ಇನ್ನೊಂದು ಮರದಲ್ಲಿ ಆಗ ತಕ್ಕ ಕಾಯಿ ಇರಬೇಕಲ್ವಾ? ಅದಕ್ಕೇ ಅತ್ತಿಮರಗಳು ಒಂದೇ ಸಲ ಕಾಯಿ ಬಿಡುವುದಿಲ್ಲ. ವರ್ಷವಿಡೀ ಎಲ್ಲೋ ಒಂದು ಮರ ಹಣ್ಣಾಗಿರುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಬಾವಲಿ, ಮಂಗ, ಕುಟ್ರುಹಕ್ಕಿಗೆ ಅದೇ ಊಟ. ದಾಂಡೇಲಿಯ ಮಂಗಟ್ಟೆ ಹಕ್ಕಿ ನೋಡಿ: ಹೆಣ್ಣು ಪೊಟರೆಯಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡು ಕೂತರೆ, ಗಂಡು ಹೊತ್ತು ತರುವುದರಲ್ಲಿ ಅತ್ತಿ, ಆಲದ ಜಾತಿಯ ಹಣ್ಣೇ ಜಾಸ್ತಿ.

ಹುಳ ಬೇಡವಾದರೆ ಎಳೆಗಾಯಿಯನ್ನೇ ಪಲ್ಯ ಮಾಡಿ. ಹಣ್ಣು ಅವಕ್ಕಿರಲಿ.